ಕೈಗುಣ ಮತ್ತು ಮೈಲಿಗೆ: ಬೇಗೂರು ಸೀಮೆಯಲ್ಲಿ ಸೂಲಗಿತ್ತಿಯಿಂದ ನರ್ಸಮ್ಮನವರೆಗೆ

ಮೈಸೂರು ಸೀಮೆಯ ವೈದ್ಯಕೀಯ ಚರಿತ್ರೆ ಬಹುಮಟ್ಟಿಗೆ ಕಟ್ಟಡಗಳ ಮತ್ತು ಆದೇಶಗಳ ಚರಿತ್ರೆಯಾಗಿಯೇ ಉಳಿದಿದೆ. ಯಾವ ಆಸ್ಪತ್ರೆ ಯಾವ ವರ್ಷ ತೆರೆಯಿತು, ಯಾವ ದಿವಾನರು ಎಷ್ಟು ಹಣ ಮಂಜೂರು ಮಾಡಿದರು, ಯಾವ ವೈದ್ಯರು ಯಾವ ಕಾಯಿಲೆಯನ್ನು ಹಿಮ್ಮೆಟ್ಟಿಸಿದರು ಎಂಬ ವಿವರಗಳಿಗೆ ಅದರಲ್ಲಿ ಕೊರತೆಯಿಲ್ಲ. ಆದರೆ ರೋಗಿಯ ಮೈಯನ್ನು ಹಗಲಿರುಳು ಮುಟ್ಟಿದ, ರಕ್ತವನ್ನು ಒರೆಸಿದ, ಹುಟ್ಟಿದ ಕೂಸನ್ನು ಮೊದಲು ಹಿಡಿದ ಕೈಗಳ ಕಥನ ಅಲ್ಲಿ ವಿರಳ. 'ಶುಶ್ರೂಷೆ' ಎಂಬ ಸಂಸ್ಕೃತ ಪದದ ಮೂಲಾರ್ಥ 'ಕೇಳುವ ಇಚ್ಛೆ' ಎಂಬುದು. ಹೇಳಿದ್ದನ್ನು ಕೇಳುವುದು, ಅದರಂತೆ ನಡೆಯುವುದು, ಸೇವೆ ಮಾಡುವುದು ಎಂದು ಅದರ ಅರ್ಥ ವಿಸ್ತರಿಸಿತು. ಶುಶ್ರೂಷಕಿ ಎಲ್ಲರ ಮಾತನ್ನೂ ಕೇಳಿದಳು. ಅವಳ ಮಾತನ್ನು ಕೇಳಿ ಬರೆದಿಟ್ಟವರು ಕಡಿಮೆ.

ಈ ಪ್ರಬಂಧದ ವ್ಯಾಪ್ತಿ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು ಮತ್ತು ಅದರ ಸುತ್ತಿನ ಸೀಮೆ. 'ಬೆಂಗಳೂರು' ಎಂಬ ಹೆಸರುಳ್ಳ ಶಾಸನದಿಂದ ಪ್ರಸಿದ್ಧವಾದ ಬೇಗೂರು ಇದಲ್ಲ. ನಂಜನಗೂಡಿನಿಂದ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯ ಮೇಲಿರುವ ಹೋಬಳಿ ಕೇಂದ್ರವಿದು. ರಾಗಿ, ಜೋಳ, ಹತ್ತಿ, ಅರಿಸಿನ ಬೆಳೆಯುವ ಮಳೆಯಾಶ್ರಿತ ನೆಲ. ದಕ್ಷಿಣಕ್ಕೆ ಬಂಡೀಪುರದ ಕಾಡು. ಕಾಡನ್ನು ದಾಟಿದರೆ ಒಂದು ಕಡೆ ಕೇರಳದ ವಯನಾಡು, ಇನ್ನೊಂದು ಕಡೆ ತಮಿಳುನಾಡಿನ ನೀಲಗಿರಿ. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾಗುವವರೆಗೆ ಇದು ಮೈಸೂರು ಜಿಲ್ಲೆಯ ಭಾಗವಾಗಿತ್ತು. ದೊಡ್ಡ ಆಸ್ಪತ್ರೆಗಳೆಲ್ಲ ಮೈಸೂರಿನಲ್ಲಿದ್ದುದರಿಂದ ಇಲ್ಲಿನ ಜನರ ಪಾಲಿಗೆ ವೈದ್ಯಕೀಯವೆಂದರೆ ಮೊದಲು ಊರಿನ ಸೂಲಗಿತ್ತಿ, ಅನಂತರ ಉಪಕೇಂದ್ರದ ನರ್ಸಮ್ಮ. ಇವರಿಬ್ಬರ ನಡುವಿನ ಸಂಬಂಧವನ್ನು ಅರಿಯಲು ಜಾನಪದದಲ್ಲಿಯೇ ಇರುವ ಎರಡು ಪರಿಕಲ್ಪನೆಗಳು ನೆರವಾಗುತ್ತವೆ. ಒಂದು ಕೈಗುಣ, ಮತ್ತೊಂದು ಮೈಲಿಗೆ.

ಸೂಲಗಿತ್ತಿಯ ಕೈ

'ಸೂಲು' ಎಂದರೆ ಹೆರಿಗೆ. ಸೂಲನ್ನು ಮಾಡಿಸುವವಳು ಸೂಲಗಿತ್ತಿ. ಈ ಪದದಲ್ಲಿ ಜಾತಿಯ ಸೂಚನೆಯಿಲ್ಲ, ಆದರೆ ವೃತ್ತಿಯಲ್ಲಿತ್ತು. ಹಳೆಯ ಮೈಸೂರು ಸೀಮೆಯ ಅನೇಕ ಊರುಗಳಲ್ಲಿ ಕ್ಷೌರಿಕ ಸಮುದಾಯದ ಅಥವಾ ದಲಿತ ಸಮುದಾಯಗಳ ಹಿರಿಯ ಹೆಂಗಸರು ಈ ಕೆಲಸ ಮಾಡುತ್ತಿದ್ದರು. ಹೆರಿಗೆಯಲ್ಲಿ ಹರಿಯುವ ರಕ್ತ, ಬೀಳುವ ಮಾಸು, ಪುರುಡಿನ ದಿನಗಳು ಎಲ್ಲವೂ ಮೈಲಿಗೆಯೆಂದು ಎಣಿಸಲ್ಪಟ್ಟಿದ್ದುದರಿಂದ ಅವನ್ನು ಮುಟ್ಟುವ ಕೆಲಸ ಕೆಳಗಿನ ಶ್ರೇಣಿಯ ಹೆಣ್ಣಿನ ಪಾಲಿಗೆ ಬಂದಿತು. ದಿನವೆಲ್ಲ ಜಗುಲಿಯಾಚೆ ನಿಂತು ಯಜಮಾನನನ್ನು 'ಬುದ್ಧಿ' ಎಂದು ಕರೆಯುತ್ತಿದ್ದ ಹೆಂಗಸನ್ನೇ ಹೆರಿಗೆಯ ರಾತ್ರಿ ಮನೆಯ ಒಳಕೋಣೆಗೆ ಕರೆತರಲಾಗುತ್ತಿತ್ತು. ಆ ಒಂದು ರಾತ್ರಿ ಅವಳ ಮಾತೇ ಮನೆಯಲ್ಲಿ ನಡೆಯುವ ಮಾತು. ಪುರುಡು ಕಳೆದ ಮೇಲೆ ಅವಳು ಮತ್ತೆ ಜಗುಲಿಯಾಚೆ.

ಅವಳ ಜ್ಞಾನ ಬರಹದ ಜ್ಞಾನವಲ್ಲ. ಹೊಟ್ಟೆಯ ಮೇಲೆ ಅಂಗೈಯಿಟ್ಟು ಕೂಸಿನ ತಲೆ ಎಲ್ಲಿದೆಯೆಂದು ತಿಳಿಯುವುದು, ಬೇನೆ ನಿಜವಾದುದೋ ಸುಳ್ಳು ಬೇನೆಯೋ ಎಂದು ಗುರುತಿಸುವುದು, ಹರಳೆಣ್ಣೆ ಸವರಿ ಸೊಂಟ ನೀವುವುದು, ಮಾಸು ಬೀಳುವವರೆಗೆ ಕಾಯುವುದು ಇವೆಲ್ಲ ಅತ್ತೆಯಿಂದಲೋ ತಾಯಿಯಿಂದಲೋ ಅಜ್ಜಿಯಿಂದಲೋ ಕೈಯಿಂದ ಕೈಗೆ ಬಂದವು. ಹೆರಿಗೆಯ ಅನಂತರದ ಎರೆಯುವ ನೀರು, ಸಾಂಬ್ರಾಣಿಯ ಹೊಗೆ, ಬಜೆಯ ಲೇಪ, ಬೆಳ್ಳುಳ್ಳಿ ಮೆಣಸಿನ ಪಥ್ಯ ಎಲ್ಲದರ ಮೇಲ್ವಿಚಾರಣೆ ಅವಳದೇ. ಮೊದಲ ಮಗುವನ್ನು ಹೆರುವ ಹುಡುಗಿಯ ಭಯವನ್ನು ಮಾತಿನಿಂದ ಕಳೆಯುವುದೂ ಅವಳ ಕೆಲಸದ ಭಾಗವಾಗಿತ್ತು. ಇದಕ್ಕೆಲ್ಲ ಪ್ರತಿಫಲವೆಂದರೆ ಒಂದಷ್ಟು ರಾಗಿ, ತಲೆಗೆ ಎಣ್ಣೆ, ಎಲೆ ಅಡಕೆ, ರವಿಕೆ ಕಣ, ಇಲ್ಲವೆ ಉಟ್ಟು ಬಿಟ್ಟ ಸೀರೆ. ಗಂಡು ಹುಟ್ಟಿದರೆ ಕೊಡುಗೆ ಹೆಚ್ಚು, ಹೆಣ್ಣಾದರೆ ಕಡಿಮೆ. ಅವಳ ದುಡಿಮೆ ಎರಡಕ್ಕೂ ಒಂದೇ ಆಗಿತ್ತು.

ಇಂಥ ಸೂಲಗಿತ್ತಿಯ ವಿಷಯದಲ್ಲಿ ಊರು ಬಳಸುವ ಪದವೇ 'ಕೈಗುಣ'. ಕೈಗುಣವೆಂಬುದು ಔಷಧಿಯಲ್ಲಿಲ್ಲ, ವಿದ್ಯೆಯಲ್ಲೂ ಇಲ್ಲ, ಅದು ವ್ಯಕ್ತಿಯಲ್ಲಿದೆ. ಹಲವು ಬಾರಿ ಯಶಸ್ಸು ಕಂಡು, ಹಲವು ಮನೆಗಳ ನೆನಪಿನಲ್ಲಿ ನೆಲೆನಿಂತ ಮೇಲೆ ಊರು ಕೊಡುವ ಮನ್ನಣೆ ಅದು. ಅದನ್ನು ಯಾವ ಸಂಸ್ಥೆಯೂ ದಯಪಾಲಿಸಲಾರದು, ಯಾವ ಆದೇಶವೂ ಕಿತ್ತುಕೊಳ್ಳಲಾರದು. ಆದರೆ ಕೈಗುಣವುಳ್ಳ ಕೈಯೇ ಮೈಲಿಗೆಯ ಕೈಯೂ ಆಗಿತ್ತೆಂಬುದು ಈ ವೃತ್ತಿಯ ಮೂಲಭೂತ ವೈರುಧ್ಯ. ಆ ವೈರುಧ್ಯ ಸೂಲಗಿತ್ತಿಯೊಂದಿಗೆ ಮುಗಿಯಲಿಲ್ಲ.

ಈ ಸೀಮೆಯ ಮೌಖಿಕ ಮಹಾಕಾವ್ಯವಾದ ಮಲೆಯ ಮಾದೇಶ್ವರ ಕಾವ್ಯವನ್ನು ಇಲ್ಲಿ ನೆನೆಯಬಹುದು. ಅದರ ಸಂಕಮ್ಮನ ಸಾಲಿನಲ್ಲಿ ಮಕ್ಕಳಿಲ್ಲದ ಸೋಲಿಗ ಹೆಣ್ಣು, ಗಂಡನ ಸಂಶಯಕ್ಕೆ ಗುರಿಯಾಗಿ ಸಂಕಟಪಟ್ಟು, ಮಾದೇಶ್ವರನ ವರದಿಂದ ಕಾರಯ್ಯ ಬಿಲ್ಲಯ್ಯರನ್ನು ಪಡೆಯುತ್ತಾಳೆ. ಕಂಸಾಳೆಯ ದೇವರಗುಡ್ಡರು ರಾತ್ರಿಯಿಡೀ ಈ ಕಥೆಯನ್ನು ಹಾಡುತ್ತಾರೆ. ಹೆರುವ ಹೆಣ್ಣಿನ ದುಃಖಕ್ಕೆ ಈ ಪರಂಪರೆಯಲ್ಲಿ ದೊಡ್ಡ ಸ್ಥಾನವಿದೆ. ವರ ಕೊಟ್ಟ ದೈವಕ್ಕೂ ಇದೆ. ಕೂಸನ್ನು ಹಿಡಿದ ಕೈಯವಳ ಹೆಸರಿನಲ್ಲಿ ಮಾತ್ರ ಪ್ರತ್ಯೇಕವಾದ ಒಂದು ಸಾಲಿಲ್ಲ.

ಸೂಲಗಿತ್ತಿಯನ್ನು ಆರಾಧನಾ ಭಾವದಿಂದ ಮಾತ್ರ ನೋಡುವುದೂ ಸರಿಯಾಗದು. ಕುಡುಗೋಲಿನಿಂದಲೋ ಬಿದಿರಿನ ಸೀಳಿನಿಂದಲೋ ಹೊಕ್ಕುಳ ಬಳ್ಳಿಯನ್ನು ಕೊಯ್ದು, ಬೂದಿಯನ್ನೋ ಸಗಣಿಯ ಭಸ್ಮವನ್ನೋ ಹಚ್ಚಿದ ಕಡೆಗಳಲ್ಲಿ ಕೂಸುಗಳು ಹುಟ್ಟಿದ ಒಂದೆರಡು ವಾರದೊಳಗೆ ಧನುರ್ವಾಯುವಿಗೆ ತುತ್ತಾಗುತ್ತಿದ್ದವು. ಜನ ಅದನ್ನು ಗ್ರಹಚೇಷ್ಟೆಯೆಂದು ತಿಳಿದರು. ಕೂಸು ಅಡ್ಡಲಾದಾಗ, ರಕ್ತಸ್ರಾವ ನಿಲ್ಲದಾದಾಗ ಸೂಲಗಿತ್ತಿಯ ಕೈ ಸೋಲುತ್ತಿತ್ತು. ಗಾಡಿ ಕಟ್ಟಿ ಮೈಸೂರಿಗೆ ಹೊರಟರೂ ದಾರಿ ಸಾಗುವಷ್ಟರಲ್ಲಿ ತಾಯಿಯ ಉಸಿರು ನಿಲ್ಲುತ್ತಿತ್ತು. ಹೆರಿಗೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಬಿಳಿಯ ಉಡುಪು

ಮೈಸೂರು ಸಂಸ್ಥಾನದಲ್ಲಿ ಆಧುನಿಕ ಶುಶ್ರೂಷೆ ಎರಡು ದಾರಿಗಳಿಂದ ಬಂದಿತು. ಒಂದು ಸರ್ಕಾರದ ದಾರಿ, ಇನ್ನೊಂದು ಕ್ರೈಸ್ತ ಮಿಷನ್‌ಗಳದು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರಲ್ಲಿ, ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ, ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ಆರಂಭವಾದವು. ಬೇಗೂರು ಸೀಮೆಗೆ ಹತ್ತಿರದವೆಂದರೆ ಮೈಸೂರಿನ ಆಸ್ಪತ್ರೆಗಳು. ಅವುಗಳಲ್ಲಿ ಹೆಂಗಸರಿಗೆ ಹೆಚ್ಚು ಪರಿಚಿತವಾದದ್ದು 1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ 'ಮಿಷನ್ ಆಸ್ಪತ್ರೆ'. 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲದ ಕಡೆ ಕಾಮಗೆರೆಯಲ್ಲಿ ಹೋಲಿ ಕ್ರಾಸ್ ಸಭೆಯ ಸನ್ಯಾಸಿನಿಯರ ಆಸ್ಪತ್ರೆ ನೆಲೆಗೊಂಡಿತು. 'ಸಿಸ್ಟರ್' ಎಂಬ ಪದ ಈ ಮಾರ್ಗದಿಂದಲೇ ಕನ್ನಡದ ಆಸ್ಪತ್ರೆಗಳಿಗೆ ಬಂದು, ಮತಭೇದವಿಲ್ಲದೆ ಎಲ್ಲ ಶುಶ್ರೂಷಕಿಯರಿಗೂ ಅನ್ವಯವಾಯಿತು.

ಆದರೆ ಈ ವೃತ್ತಿಗೆ ಹೆಣ್ಣುಮಕ್ಕಳನ್ನು ಕಳಿಸಲು ಕುಟುಂಬಗಳು ಹಿಂಜರಿದವು. ಪರಪುರುಷನ ಮೈ ಮುಟ್ಟುವುದು, ಮಲಮೂತ್ರ ಎತ್ತುವುದು, ರಾತ್ರಿ ಮನೆಯ ಹೊರಗೆ ಇರುವುದು ಈ ಮೂರೂ ಕುಲೀನತೆಯ ಕಲ್ಪನೆಗೆ ವಿರುದ್ಧವಾಗಿದ್ದವು. ಹಾಗಾಗಿ ಮೊದಲ ತಲೆಮಾರಿನ ಶುಶ್ರೂಷಕಿಯರಲ್ಲಿ ಕ್ರೈಸ್ತ ಹೆಣ್ಣುಮಕ್ಕಳು, ಆಂಗ್ಲೋ ಇಂಡಿಯನ್ನರು, ಅನಾಥಾಲಯದಲ್ಲಿ ಬೆಳೆದವರು, ಬದುಕಿಗೆ ಬೇರೆ ಆಸರೆಯಿಲ್ಲದ ವಿಧವೆಯರು ಹೆಚ್ಚಾಗಿ ಕಾಣುತ್ತಾರೆ. ಕ್ರಿಮಿಯಾ ಯುದ್ಧದ ಅನಂತರ ಫ್ಲಾರೆನ್ಸ್ ನೈಟಿಂಗೇಲ್ ಇಂಗ್ಲೆಂಡಿನಲ್ಲಿ ಈ ವೃತ್ತಿಗೆ ಗೌರವ ತರಲು ಶಿಸ್ತು, ಉಡುಪು, ತರಬೇತಿಗಳನ್ನು ಸಾಧನವಾಗಿ ಬಳಸಿದಳು. ಇಲ್ಲಿ ಬಿಳಿಯ ಉಡುಪು ಅಂಥದೇ ಕೆಲಸ ಮಾಡಬೇಕಿತ್ತು, ಭಾಗಶಃ ಮಾಡಿತು. ಆದರೆ ವರ್ಣವ್ಯವಸ್ಥೆಯ ಮೈಲಿಗೆಯನ್ನು ಉಡುಪು ತೊಳೆಯಲಾರದಾಯಿತು. ಆಸ್ಪತ್ರೆಯಲ್ಲಿ ಕೈಮುಗಿದವರೇ ಮಗನಿಗೆ ಹೆಣ್ಣು ಹುಡುಕುವಾಗ 'ನರ್ಸ್ ಬೇಡ' ಎಂದ ಪ್ರಸಂಗಗಳು ಈ ವೃತ್ತಿಯವರ ನೆನಪುಗಳಲ್ಲಿ ಸಾಮಾನ್ಯ.

ಸಂಸ್ಥಾನ ಕಾಲದ ಇನ್ನೆರಡು ಬೆಳವಣಿಗೆಗಳು ಮುಂದಿನ ಚರಿತ್ರೆಗೆ ಮುಖ್ಯವಾದವು. 1930ರಲ್ಲಿ ಮೈಸೂರು ಸರ್ಕಾರ ತನ್ನ ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ಒಂದು ಸರ್ಕಾರ ತಾನೇ ಮುಂದಾಗಿ ಇಂಥ ಹೆಜ್ಜೆಯಿಟ್ಟದ್ದು ಜಗತ್ತಿನಲ್ಲಿಯೇ ಮೊದಲೆಂದು ಗುರುತಿಸಲಾಗಿದೆ. ಅದೇ ದಶಕದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಕ್ಲೋಸ್‌ಪೇಟೆಯಲ್ಲಿ, ಎಂದರೆ ಇಂದಿನ ರಾಮನಗರದಲ್ಲಿ, ಗ್ರಾಮಾರೋಗ್ಯ ಘಟಕ ರೂಪುಗೊಂಡಿತು. ಶುಶ್ರೂಷಕಿ ಆಸ್ಪತ್ರೆಯಲ್ಲಿ ಕಾಯುತ್ತ ಕೂರದೆ ಮನೆಮನೆಗೆ ಹೋಗಬೇಕೆಂಬ ಕಲ್ಪನೆ ಅಲ್ಲಿಂದ ಬಲಗೊಂಡಿತು.

ಉಪಕೇಂದ್ರದ ಒಂಟಿತನ

1946ರ ಭೋರ್ ಸಮಿತಿಯ ವರದಿಯ ಪ್ರಕಾರ ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 43,000 ಜನರಿಗೆ ಒಬ್ಬ ನರ್ಸ್, 60,000 ಜನರಿಗೆ ತರಬೇತಿ ಪಡೆದ ಒಬ್ಬ ಸೂಲಗಿತ್ತಿ ಇದ್ದರು. ಈ ಕೊರತೆಯನ್ನು ತುಂಬಲು ಸ್ವಾತಂತ್ರ್ಯಾನಂತರ ಸೃಷ್ಟಿಯಾದ ಹುದ್ದೆಯೇ ಎ.ಎನ್.ಎಂ., ಸಹಾಯಕ ಶುಶ್ರೂಷಕಿ ಮತ್ತು ಸೂಲಗಿತ್ತಿ. 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ, 1961ರಲ್ಲಿ ನಮ್ಮ ರಾಜ್ಯದ ನರ್ಸುಗಳು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕಿಯರ ಕಾಯಿದೆ ಬಂದವು. ವೃತ್ತಿಗೆ ನೋಂದಣಿ ಬಂತು, ಸಂಬಳ ಬಂತು. ಕೆಳಜಾತಿಗಳ ಹೆಣ್ಣುಮಕ್ಕಳಿಗೆ ಮೀಸಲಾತಿಯ ಮೂಲಕ ಸರ್ಕಾರಿ ನೌಕರಿಯ ಬಾಗಿಲು ತೆರೆದ ಮೊದಲ ವೃತ್ತಿಗಳಲ್ಲಿ ಇದೂ ಒಂದು. ಅಜ್ಜಿ ಉಟ್ಟು ಬಿಟ್ಟ ಸೀರೆಗೆ ಮಾಡಿದ ಕೆಲಸಕ್ಕೆ ಮೊಮ್ಮಗಳು ತಿಂಗಳ ಸಂಬಳ ಪಡೆಯುವಂತಾದದ್ದು ಸಣ್ಣ ಬದಲಾವಣೆಯಲ್ಲ.

ಬಯಲು ಸೀಮೆಯಲ್ಲಿ 5,000 ಜನಕ್ಕೆ, ಗುಡ್ಡಗಾಡು ಮತ್ತು ಗಿರಿಜನ ಪ್ರದೇಶದಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರವೆಂಬುದು ಸರ್ಕಾರದ ಅಳತೆ. ಬೇಗೂರು ಸೀಮೆಯಂಥ ಕಡೆ ಆ ಸಂಖ್ಯೆ ಒಂದೇ ಊರಿನಲ್ಲಿ ಸಿಗುವುದಿಲ್ಲ. ಅದು ಹಲವು ಹಳ್ಳಿ, ಕಾಲೊನಿ, ಹಾಡಿಗಳಲ್ಲಿ ಹರಡಿಕೊಂಡಿರುತ್ತದೆ. ಬಸ್ಸು ಹೆದ್ದಾರಿಯಲ್ಲಿ ನಿಲ್ಲುತ್ತದೆ, ಊರು ಒಳಗಿರುತ್ತದೆ. ಲಸಿಕೆಯ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು, ಮಂಜುಗಡ್ಡೆ ಕರಗುವ ಮುನ್ನ ನಡೆದು ತಲುಪುವುದು ಗುರುವಾರದ ಪಾಡು. ಉಳಿದ ದಿನ ಬಸುರಿಯರ ನೋಂದಣಿ, ಕಬ್ಬಿಣದ ಮಾತ್ರೆ, ಜ್ವರದ ರಕ್ತಲೇಪನ, ಕ್ಷಯದ ಗುಳಿಗೆ, ಹೆರಿಗೆ. ಇವೆಲ್ಲಕ್ಕೂ ಪ್ರತ್ಯೇಕ ಪ್ರತ್ಯೇಕ ರಿಜಿಸ್ಟರುಗಳು.

ಹೀಗೆ ಬಂದ ಯುವತಿಯ ಮೊದಲ ಕಷ್ಟ ಕೆಲಸದ್ದಲ್ಲ, ಮನೆಯದು. ವಸತಿಗೃಹವಿಲ್ಲದ ಕಡೆ ಬಾಡಿಗೆ ಮನೆ ಹುಡುಕಬೇಕು. ಬಾಡಿಗೆಗೆ ಮುನ್ನ ಜಾತಿಯ ಪ್ರಶ್ನೆ ಬರುತ್ತದೆ. ದಲಿತ ಸಮುದಾಯದ ಎ.ಎನ್.ಎಂ. ಸೂಜಿ ಚುಚ್ಚಬಹುದು, ಹೆರಿಗೆ ಮಾಡಿಸಬಹುದು. ಆದರೆ ಅದೇ ಕೇರಿಯಲ್ಲಿ ಮನೆ ಪಡೆಯುವುದು, ಆ ಮನೆಯ ಬಾವಿಗೆ ಕೊಡ ಇಳಿಸುವುದು ಬೇರೆ ಮಾತು. ಮದುವೆಯಾಗದವಳಾದರೆ ಊರಿನ ಕಣ್ಣು ಅವಳ ಬಾಗಿಲ ಮೇಲೆಯೇ. ರಾತ್ರಿ ಬಾಗಿಲು ತಟ್ಟಿದವನು ಹೆರಿಗೆಗೆ ಕರೆಯಲು ಬಂದವನೋ ಅಲ್ಲವೋ ಎಂದು ತಿಳಿಯದೆ ತೆರೆಯಬೇಕಾದ ಕ್ಷಣ ಈ ವೃತ್ತಿಯ ಅತ್ಯಂತ ಕಠಿಣ ಕ್ಷಣಗಳಲ್ಲೊಂದು. ತೆರೆಯದಿದ್ದರೆ ಕರ್ತವ್ಯಲೋಪ, ತೆರೆದರೆ ತನ್ನ ಹೊಣೆ.

ಈ ಭಯ ಹಳ್ಳಿಗೆ ಮಾತ್ರ ಸೀಮಿತವಾದುದಲ್ಲ. ಉತ್ತರ ಕನ್ನಡದ ಹಳದೀಪುರದಲ್ಲಿ ಹುಟ್ಟಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದ ಅರುಣಾ ಶಾನಭಾಗ 1973ರ ನವೆಂಬರಿನಲ್ಲಿ ಆಸ್ಪತ್ರೆಯೊಳಗೇ ಕ್ರೂರ ಹಲ್ಲೆಗೆ ಗುರಿಯಾಗಿ ಪ್ರಜ್ಞೆ ಕಳೆದುಕೊಂಡರು. 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ, ನಲವತ್ತೊಂದು ವರ್ಷಕ್ಕೂ ಮಿಗಿಲಾಗಿ, ಆ ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಅವರ ಆರೈಕೆ ಮಾಡಿದರು. ಹಾಸಿಗೆ ಹುಣ್ಣಾಗದಂತೆ ನೋಡಿಕೊಂಡ ಆ ಕೈಗಳ ಪ್ರಸ್ತಾಪವಿಲ್ಲದೆ 2011ರ ಸುಪ್ರೀಂ ಕೋರ್ಟಿನ ತೀರ್ಪನ್ನು ಓದುವುದು ಸಾಧ್ಯವಿಲ್ಲ. ಶುಶ್ರೂಷಕಿ ಎದುರಿಸುವ ಅಪಾಯ, ಶುಶ್ರೂಷೆಯ ಘನತೆ ಎರಡೂ ಒಂದೇ ಬದುಕಿನಲ್ಲಿ ದಾಖಲಾದ ಪ್ರಸಂಗವಿದು.

ಹಳ್ಳಿಯ ಎ.ಎನ್.ಎಂ. ಒಬ್ಬಳು 'ನಮ್ಮ ನರ್ಸಮ್ಮ' ಆಗುವ ಪ್ರಕ್ರಿಯೆ ಗಮನಾರ್ಹವಾದುದು. ಅದು ನೇಮಕಾತಿಯಿಂದ ಆಗುವುದಿಲ್ಲ. ಒಂದು ಕಷ್ಟದ ಹೆರಿಗೆಯಿಂದ ಆಗುತ್ತದೆ. ಲಾಟೀನಿನ ಬೆಳಕಿನಲ್ಲಿ, ಊರಿನ ಮುದುಕಿ ಸೂಲಗಿತ್ತಿ ಒಂದು ಮಗ್ಗುಲಲ್ಲಿ, ಹೊಸ ನರ್ಸಮ್ಮ ಇನ್ನೊಂದು ಮಗ್ಗುಲಲ್ಲಿ ಕುಳಿತು ತಾಯಿಯನ್ನೂ ಕೂಸನ್ನೂ ಉಳಿಸಿದ ಮೇಲೆ ಊರು 'ಕೈಗುಣ ಚೆನ್ನಾಗಿದೆ' ಎನ್ನುತ್ತದೆ. ಸೂಲಗಿತ್ತಿಗೆ ಸಲ್ಲುತ್ತಿದ್ದ ಎಲೆ ಅಡಕೆ, ರವಿಕೆ ಕಣ ಅವಳಿಗೂ ಸಲ್ಲುತ್ತವೆ. ಸರ್ಕಾರದ ನೌಕರಳು ಹೀಗೆ ಹಳೆಯ ಋಣಸಂಬಂಧದೊಳಗೆ ಸೇರಿಕೊಳ್ಳುತ್ತಾಳೆ. 1970ರ ದಶಕದ ಕೊನೆಯಿಂದ ಸರ್ಕಾರವೇ ಸೂಲಗಿತ್ತಿಯರಿಗೆ ತರಬೇತಿ ನೀಡತೊಡಗಿದಾಗ ಈ ಇಬ್ಬರ ಸಹವಾಸಕ್ಕೆ ಅಧಿಕೃತ ರೂಪ ಬಂತು. ಶುಚಿಯಾದ ಕೈ, ಶುಚಿಯಾದ ಹಾಸು, ಶುಚಿಯಾದ ಬ್ಲೇಡು, ಶುಚಿಯಾದ ದಾರ, ಏನೂ ಹಚ್ಚದ ಹೊಕ್ಕುಳು ಎಂಬ ಐದು ಪಾಠಗಳು, ಬಸುರಿಯರಿಗೆ ನರ್ಸಮ್ಮ ಚುಚ್ಚಿದ ಧನುರ್ವಾಯುವಿನ ಲಸಿಕೆ ಒಟ್ಟಾಗಿ ಕೆಲಸ ಮಾಡಿದವು. 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿರ್ಮೂಲನೆ ಮಾಡಿದ ದೇಶವೆಂದು ಮಾನ್ಯತೆ ಪಡೆಯಿತು. ಆ ಯಶಸ್ಸಿನಲ್ಲಿ ಅಕ್ಷರ ಬಾರದ ಸೂಲಗಿತ್ತಿಯ ಪಾಲೂ ಇದೆ.

ಗುರಿಯ ವರ್ಷಗಳು

ಕೈಗುಣದಿಂದ ಗಳಿಸಿದ ನಂಬಿಕೆಯನ್ನು ಕಳೆದುಕೊಳ್ಳುವಂತೆ ಮಾಡಿದ್ದು ಕುಟುಂಬ ಯೋಜನೆಯ ಗುರಿಗಳು. 1973ರ ಕರ್ತಾರ್ ಸಿಂಗ್ ಸಮಿತಿಯ ಶಿಫಾರಸಿನಂತೆ ಎ.ಎನ್.ಎಂ. ಬಹೂದ್ದೇಶ ಕಾರ್ಯಕರ್ತೆಯಾದಳು. ಮುಂದೆ ಅವಳ ತರಬೇತಿ ಎರಡು ವರ್ಷದಿಂದ ಹದಿನೆಂಟು ತಿಂಗಳಿಗೆ ಇಳಿಯಿತು. ಹೆರಿಗೆಯ ಕೌಶಲ ಹಿಂದೆ ಸರಿದು ಲಸಿಕೆ ಮತ್ತು ಶಸ್ತ್ರಚಿಕಿತ್ಸೆಯ 'ಕೇಸು'ಗಳು ಮುಂದೆ ಬಂದವು. 1975ರಿಂದ 77ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಈ ಒತ್ತಡ ಪರಾಕಾಷ್ಠೆ ಮುಟ್ಟಿತು. ಗುರಿ ಮುಟ್ಟದವರಿಗೆ ಸಂಬಳ, ಬಡ್ತಿ, ವರ್ಗಾವಣೆಗಳ ಭಯ. ಬಾಣಂತಿಯನ್ನು ನೋಡಲು ಬಂದ ನರ್ಸಮ್ಮ 'ಆಪರೇಷನ್ನಿಗೆ ಹಿಡಿಯಲು' ಬಂದವಳೆಂದು ಹೆಂಗಸರು ಹಿತ್ತಿಲಿಂದ ಹೊಲಕ್ಕೆ ಸರಿಯತೊಡಗಿದರು.

ಜನಭಾಷೆ ಈ ಸಂದರ್ಭವನ್ನೂ ತನ್ನದೇ ರೀತಿಯಲ್ಲಿ ಪಳಗಿಸಿತು. ಗರ್ಭ ತಡೆಯುವ ಸಾಧನಕ್ಕೆ ಕನ್ನಡ ಹೆಂಗಸರು ಇಟ್ಟ ಹೆಸರು 'ವಂಕಿ'. ತೋಳಿನ ಆಭರಣದ ಹೆಸರನ್ನು ಒಳಗೆ ಕಾಣದ ತಾಮ್ರದ ತುಣುಕಿಗೆ ಇಡುವುದರಲ್ಲಿ ಆಕಾರದ ಹೋಲಿಕೆ ಮಾತ್ರವಲ್ಲ, ಗಂಡಸರ ಎದುರು ನಾಚಿಕೆಯಿಲ್ಲದೆ ಆಡಬಹುದಾದ ಮಾತನ್ನು ಕಂಡುಕೊಂಡ ಜಾಣ್ಮೆಯೂ ಇದೆ. 1996ರಲ್ಲಿ ಸರ್ಕಾರ ಗುರಿಮುಕ್ತ ನೀತಿಯನ್ನು ಘೋಷಿಸಿತು. ಆದರೆ ಗುರಿಯ ವರ್ಷಗಳಲ್ಲಿ ಮೇಲಧಿಕಾರಿಯ ಬೈಗುಳ ಮತ್ತು ಊರಿನ ಸಂಶಯ ಎರಡನ್ನೂ ಹೊತ್ತವಳು ನರ್ಸಮ್ಮನೇ. ಅವಳ ಬಸುರು ಬಾಣಂತನಗಳೂ ಅದೇ ವರ್ಷಗಳಲ್ಲಿಯೇ ನಡೆದವು. ತನ್ನ ಕೂಸನ್ನು ತಾಯಿಯ ಮನೆಯಲ್ಲಿ ಬಿಟ್ಟು ಪರರ ಕೂಸುಗಳನ್ನು ತೂಗಿದ ಹೆಂಗಸರ ಸಂಖ್ಯೆ ಯಾವ ರಿಜಿಸ್ಟರಿನಲ್ಲೂ ಇಲ್ಲ.

ಕಾಡಂಚಿನ ಹೆಣ್ಣುಮಕ್ಕಳು

ಬೇಗೂರಿನ ದಕ್ಷಿಣ ಮತ್ತು ಪಶ್ಚಿಮಕ್ಕೆ ಕಾಡಂಚಿನಲ್ಲಿ ಸೋಲಿಗರ, ಜೇನುಕುರುಬರ ಹಾಡಿಗಳಿವೆ. ಈ ಸಮುದಾಯಗಳಲ್ಲಿ ಹೆರಿಗೆ ತಮ್ಮವರ ನಡುವೆಯೇ ನಡೆಯುತ್ತಿತ್ತು. ಹೊರಗಿನ ನರ್ಸಮ್ಮನ ಭಾಷೆ, ಗದರಿಕೆ, ಆಸ್ಪತ್ರೆಯ ಎತ್ತರದ ಮಂಚ ಎಲ್ಲವೂ ಅವರಿಗೆ ಪರಕೀಯ. ಇದಕ್ಕೆ ಜಿಲ್ಲೆಯೊಳಗೇ ದೊರೆತ ಉತ್ತರವೊಂದಿದೆ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಮತ್ತು ಅನಂತರ ರೂಪುಗೊಂಡ ಕರುಣಾ ಟ್ರಸ್ಟ್ ಗಿರಿಜನ ಯುವತಿಯರನ್ನೇ ಎ.ಎನ್.ಎಂ.ಗಳಾಗಿ ತರಬೇತುಗೊಳಿಸುವ ದಾರಿ ಹಿಡಿದವು. ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಕರುಣಾ ಟ್ರಸ್ಟ್ ವಹಿಸಿಕೊಂಡಿತು. ಸೋಲಿಗರಲ್ಲಿ ಕಾಣುವ ಕುಡುಗೋಲು ಕಣ ರಕ್ತಹೀನತೆಯಂಥ ಕಾಯಿಲೆಯನ್ನು ಅರಿಯಲು, ಮನೆಯವರಿಗೆ ತಿಳಿಹೇಳಲು ಸಮುದಾಯದ ಭಾಷೆಯನ್ನೇ ಆಡುವ ಶುಶ್ರೂಷಕಿ ಎಷ್ಟು ಅಗತ್ಯವೆಂಬುದು ವಿವರಿಸಬೇಕಾಗಿಲ್ಲ.

ಇಲ್ಲಿಯೂ ಒಂದು ತೊಡಕಿದೆ. ಸೋಲಿಗರ ಹುಡುಗಿ ನರ್ಸಮ್ಮನಾದಾಗ ಹಾಡಿಯಲ್ಲಿ ಅವಳು ಹೊರಗಿನವಳಂತೆಯೂ, ಆಸ್ಪತ್ರೆಯಲ್ಲಿ ಹಾಡಿಯವಳಂತೆಯೂ ಕಾಣಿಸುತ್ತಾಳೆ. ಅಜ್ಜಿಯ ಬೇರು ನಾರುಗಳನ್ನು ಪುಸ್ತಕ ಮೂಢನಂಬಿಕೆಯೆಂದು ಕರೆದಾಗ ಅವಳು ಎರಡರ ನಡುವೆ ನಿಂತು ತೂಗಬೇಕಾಗುತ್ತದೆ. ಆ ತೂಗುವಿಕೆಯಲ್ಲಿಯೇ ಇವಳ ವೃತ್ತಿಜೀವನದ ವೈಶಿಷ್ಟ್ಯವಿದೆ. ಇನ್ನೊಂದೆಡೆ ಕೊಡಗಿನ ಕಾಫಿ ತೋಟಗಳಿಗೆ, ಕೇರಳಕ್ಕೆ ಕೂಲಿ ಹೋಗುವ ಬಸುರಿಯರು ಅವಳ ಪಟ್ಟಿಯಿಂದ ಮಾಯವಾಗಿ, ತುಂಬು ಬಸುರಿನಲ್ಲಿಯೋ ಕೈಗೂಸಿನೊಂದಿಗೋ ಹಿಂದಿರುಗುತ್ತಾರೆ. ರಿಜಿಸ್ಟರು ಊರನ್ನು ನೆಲೆಯಾಗಿ ಹಿಡಿಯುತ್ತದೆ. ಬಡತನ ಮನುಷ್ಯರನ್ನು ನಡೆಸುತ್ತದೆ.

ಹೆದ್ದಾರಿ ಮತ್ತು ಮಡಿಲು

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಮತ್ತು ಜನನಿ ಸುರಕ್ಷಾ ಯೋಜನೆಗಳು ಬಂದ ಮೇಲೆ ಚಿತ್ರ ವೇಗವಾಗಿ ಬದಲಾಯಿತು. ಆಶಾ ಕಾರ್ಯಕರ್ತೆಯರು ಬಂದರು. 2008ರಲ್ಲಿ 108ರ ಆರೋಗ್ಯ ಕವಚ ಓಡತೊಡಗಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದಲ್ಲಿ ಆಸ್ಪತ್ರೆಯ ಹೆರಿಗೆಗಳ ಪ್ರಮಾಣ 1992–93ರಲ್ಲಿ ಸುಮ��ರು ಶೇ. 37 ಇದ್ದುದು 2005–06ರಲ್ಲಿ ಶೇ. 65ರ ಹತ್ತಿರಕ್ಕೆ, 2019–20ರಲ್ಲಿ ಶೇ. 97ಕ್ಕೆ ಏರಿತು. ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ 2001–03ರಲ್ಲಿ 228 ಇದ್ದುದು 2018–20ರಲ್ಲಿ 69ಕ್ಕೆ ಇಳಿಯಿತು. ಈ ಅಂಕಿಗಳ ಹಿಂದೆ ಬದುಕುಳಿದ ಹೆಣ್ಣುಗಳಿದ್ದಾರೆ. ಇದನ್ನು ಯಾವ ಹಳಹಳಿಕೆಯೂ ಮರೆಸಬಾರದು.

ಗಮನಿಸಬೇಕಾದುದೆಂದರೆ ಸರ್ಕಾರ ಈ ಯೋಜನೆಗಳಿಗೆ ಹೆಸರನ್ನು ಜಾನಪದದಿಂದಲೇ ತಂದುಕೊಂಡಿತು. ಬಾಣಂತಿಗೆ ಕೊಡುವ ಸಾಮಗ್ರಿಯ ಚೀಲಕ್ಕೆ 'ಮಡಿಲು' ಎಂದು ಹೆಸರಾಯಿತು. ನೋಂದಣಿಯ ಪುಸ್ತಕ 'ತಾಯಿ ಕಾರ್ಡ್' ಆಯಿತು. ಅಂಗನವಾಡಿಯಲ್ಲಿ ಸೀಮಂತ ನಡೆಯತೊಡಗಿತು. ಮಡಿಲು ತುಂಬುವ ಆಚರಣೆಯ ಪದ ಸರ್ಕಾರಿ ಕಡತಕ್ಕೆ ಬಂದಿತು, ಆದರೆ ಮಡಿಲು ತುಂಬಿಸಿಕೊಳ್ಳಲು ಹಕ್ಕುಳ್ಳವಳಾಗಿದ್ದ ಸೂಲಗಿತ್ತಿ ಬರಲಿಲ್ಲ. ತರಬೇತಿ ಕೊಟ್ಟ ಸರ್ಕಾರವೇ ಅವಳನ್ನು ಕೈಬಿಟ್ಟಿತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾಡು ಸಂಭ್ರಮಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಒಬ್ಬರಿಗೆ ಸಂದ ಗೌರವ, ಪಿಂಚಣಿಯೂ ಇಲ್ಲದೆ ಮರೆಯಾದ ಸಾವಿರಾರು ಸೂಲಗಿತ್ತಿಯರ ಹೆಸರಿನಲ್ಲಿ ಸಂದದ್ದೆಂದೇ ಭಾವಿಸಬೇಕು.

ನರ್ಸಮ್ಮನ ಸ್ಥಾನವೂ ಸರಿಯಿತು. ಹೆರಿಗೆ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗೆ ಹೋದ ಮೇಲೆ ಊರಿನ ನರ್ಸಮ್ಮನ ಕೈಗೆ ಉಳಿದದ್ದು ಲಸಿಕೆ, ಪಟ್ಟಿ, ಈಚೆಗೆ ಮೊಬೈಲಿನಲ್ಲಿ ತುಂಬುವ ಮಾಹಿತಿ. ಅವಳ ಹುದ್ದೆಯ ಹೆಸರು ಎ.ಎನ್.ಎಂ.ನಿಂದ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಅಲ್ಲಿಂದ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದು ಬದಲಾಗುತ್ತ ಬಂದಿದೆ. ಜನ ಮಾತ್ರ 'ನರ್ಸಮ್ಮ' ಎಂಬುದನ್ನು ಬಿಟ್ಟಿಲ್ಲ. ಇತ್ತ ದೊಡ್ಡ ಆಸ್ಪತ್ರೆಯ ಶುಶ್ರೂಷಕಿಯರಲ್ಲಿ ಕಾಯಂ ಮತ್ತು ಗುತ್ತಿಗೆ ಎಂಬ ಹೊಸ ಶ್ರೇಣಿ ಹುಟ್ಟಿತು. ಒಂದೇ ವಾರ್ಡು, ಒಂದೇ ಪಾಳಿ, ಒಂದೇ ಕೆಲಸ. ಸಂಬಳ ಬೇರೆ, ರಜೆ ಬೇರೆ, ನಾಳೆಯ ಭರವಸೆ ಬೇರೆ.

ಬೇಗೂರನ್ನು ಹಾದುಹೋಗುವ ಹೆದ್ದಾರಿ ಈ ವೃತ್ತಿಯ ಇನ್ನೊಂದು ಮುಖವನ್ನು ತೋರುತ್ತದೆ. ಕೋಳಿಕ್ಕೋಡಿನಿಂದ ವಯನಾಡಿನ ಮೂಲಕ ಬಂಡೀಪುರ ದಾಟಿ ಮೈಸೂರಿಗೆ ಬರುವ ಈ 766ನೆಯ ಹೆದ್ದಾರಿಯಲ್ಲಿಯೇ ದಶಕಗಳಿಂದ ಮಲಯಾಳಿ ಹೆಣ್ಣುಮಕ್ಕಳು ಮೈಸೂರು, ಬೆಂಗಳೂರುಗಳ ನರ್ಸಿಂಗ್ ಶಾಲೆಗಳಿಗೆ ಬಂದರು. ಅವರಲ್ಲಿ ಅನೇಕರು ಕೊಲ್ಲಿ ದೇಶಗಳಿಗೆ, ಯುರೋಪಿಗೆ ಹೋದರು. ಹಲವರು ಇಲ್ಲಿಯೇ ನೆಲೆಸಿ ಕನ್ನಡ ಕಲಿತರು. ಕನ್ನಡದ ಹಳ್ಳಿಗಳ ಹೆಣ್ಣುಮಕ್ಕಳೂ ಈಗ ಅದೇ ದಾರಿ ಹಿಡಿದಿದ್ದಾರೆ. ಇದೇ ಹೆದ್ದಾರಿಯಲ್ಲಿ ಬಂಡೀಪುರದ ನಡುವೆ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ; ಆಂಬುಲೆನ್ಸಿಗೆ ವಿನಾಯಿತಿಯಿದೆ. ಕಾಡು ಮಲಗಿದ ಹೊತ್ತಿನಲ್ಲೂ ದಾರಿ ಬಿಡಬೇಕಾದ ಅಗತ್ಯ ಯಾವುದೆಂಬುದನ್ನು ಆ ವಿನಾಯಿತಿಯೇ ಹೇಳುತ್ತದೆ.

ಕೊರೊನಾ ಕಾಲದಲ್ಲಿ ಕೈಗುಣ ಮತ್ತು ಮೈಲಿಗೆ ಮತ್ತೆ ಎದುರುಬದುರಾದವು. ಚಪ್ಪಾಳೆ ತಟ್ಟಿದ ದೇಶದಲ್ಲಿಯೇ ಶುಶ್ರೂಷಕಿಯರಿಗೆ ಬಾಡಿಗೆ ಮನೆ ಬಿಡಲು ಹೇಳಿದ ಘಟನೆಗಳು ಅನೇಕ ನಗರಗಳಿಂದ ವರದಿಯಾದವು. ಸೋಂಕೆಂಬ ಹೊಸ ಮಾತಿನಲ್ಲಿ ಹಳೆಯ ಮೈಲಿಗೆಯೇ ಮಾತಾಡಿತು. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ 24 ಮಂದಿ ರೋಗಿಗಳು ತೀರಿಕೊಂಡ ದುರಂತ ನಾಡನ್ನು ನಡುಗಿಸಿತು. ಆ ಚರ್ಚೆಯಲ್ಲಿ ಸಿಲಿಂಡರುಗಳ ಲೆಕ್ಕ ಮುನ್ನೆಲೆಗೆ ಬಂದಿತು. ಅಂಥ ರಾತ್ರಿಗಳಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗುವ ಶುಶ್ರೂಷಕಿಯ ಮನಸ್ಸಿನ ಮೇಲೆ ಏನು ಉಳಿಯುತ್ತದೆಂಬುದಕ್ಕೆ ಲೆಕ್ಕದ ಪುಸ್ತಕವಿಲ್ಲ.

ಸಮಾರೋಪ

ಸೂಲಗಿತ್ತಿ, ಮಿಷನ್ ಆಸ್ಪತ್ರೆಯ ಸಿಸ್ಟರ್, ಉಪಕೇಂದ್ರದ ನರ್ಸಮ್ಮ, ಹಾಡಿಯಿಂದ ಬಂದ ಎ.ಎನ್.ಎಂ., ಗುತ್ತಿಗೆಯ ಸ್ಟಾಫ್ ನರ್ಸ್ ಇವರೆಲ್ಲರ ವೃತ್ತಿಜೀವನಗಳು ಬೇರೆ ಬೇರೆ. ತರಬೇತಿ, ಸಂಬಳ, ಉಡುಪು, ಹೆಸರು ಯಾವುದೂ ಒಂದೇ ಅಲ್ಲ. ಆದರೂ ಎಲ್ಲರ ಅನುಭವದಲ್ಲಿ ಒಂದು ಸಮಾನ ಎಳೆ ಕಾಣುತ್ತದೆ. ಸಮಾಜ ಅವರ ಕೈಯನ್ನು ಕರೆಯಿತು, ಕೈಯ ಒಡತಿಯನ್ನು ಹೊಸ್ತಿಲಲ್ಲಿ ನಿಲ್ಲಿಸಿತು. ರಾಜ್ಯವ್ಯವಸ್ಥೆ ಅವರಿಗೆ ಹುದ್ದೆ ಕೊಟ್ಟಿತು, ಅಧಿಕಾರ ಕೊಡಲಿಲ್ಲ. ಲೆಕ್ಕ ಕೇಳಿತು, ಅಭಿಪ್ರಾಯ ಕೇಳಲಿಲ್ಲ. ಊರು ಮಾತ್ರ ನಿಧಾನವಾಗಿ, ತನ್ನದೇ ಪರೀಕ್ಷೆಗಳ ಅನಂತರ, 'ಕೈಗುಣ' ಎಂಬ ಒಂದು ಪದದಲ್ಲಿ ಅವರಿಗೆ ಸಲ್ಲಬೇಕಾದುದರ ಒಂದಂಶವನ್ನು ಸಲ್ಲಿಸಿತು.

ಕೈಗುಣಕ್ಕೆ ಕಾಲ ಬೇಕು. ಒಂದೇ ಊರಿನಲ್ಲಿ ಹತ್ತಾರು ವರ್ಷ ಇದ್ದು, ತಾನು ಹಿಡಿದ ಕೂಸು ತಾನೇ ಬಸುರಿಯಾಗಿ ಎದುರು ನಿಲ್ಲುವವರೆಗಿನ ಕಾಲ. ಗುತ್ತಿಗೆಯ ನೇಮಕ, ಪದೇ ಪದೇ ಆಗುವ ವರ್ಗಾವಣೆ, ಕೆಲಸವನ್ನು ಪಟ್ಟಿಗಳಾಗಿ ಒಡೆಯುವ ಪದ್ಧತಿ ಆ ಕಾಲವನ್ನು ಕೊಡುತ್ತಿಲ್ಲ. ಆಸ್ಪತ್ರೆಯ ಹೆರಿಗೆಯಿಂದ ಉಳಿದ ಜೀವಗಳನ್ನು ಕಳೆದುಕೊಳ್ಳದೆಯೇ, ಪರಿಚಿತ ಕೈಯೊಂದು ಹೆರಿಗೆಯ ಕೋಣೆಯಲ್ಲಿ ಇರುವಂತೆ ಮಾಡುವುದು ಆರೋಗ್ಯ ವ್ಯವಸ್ಥೆಯ ಮುಂದಿರುವ ನಿಜವಾದ ಸವಾಲು.

ಜಾನಪದ ಅಧ್ಯಯನದ ಮುಂದೆಯೂ ಒಂದು ಹೊಣೆಯಿದೆ. ಕಂಸಾಳೆಯ ಸಾಲುಗಳನ್ನು, ನೀಲಗಾರರ ಪದಗಳನ್ನು ಸಂಗ್ರಹಿಸಿದ ಶ್ರದ್ಧೆಯಿಂದಲೇ ಈ ಹೆಂಗಸರ ವೃತ್ತಿಕಥನಗಳನ್ನೂ ಸಂಗ್ರಹಿಸಬೇಕಾಗಿದೆ. ಕೊನೆಯ ತಲೆಮಾರಿನ ಸೂಲಗಿತ್ತಿಯರು ಈಗ ಇಳಿವಯಸ್ಸಿನಲ್ಲಿದ್ದಾರೆ. ಲಾಟೀನಿನ ಬೆಳಕಿನಲ್ಲಿ ಹೆರಿಗೆ ಮಾಡಿಸಿದ ನರ್ಸಮ್ಮಂದಿರು ನಿವೃತ್ತರಾಗಿದ್ದಾರೆ. ಅವರ ಮಾತು ಅವರೊಂದಿಗೇ ಮಣ್ಣಾದರೆ ಬೇಗೂರು ಸೀಮೆಯ ಬಹುಪಾಲು ಜನ ಈ ಲೋಕಕ್ಕೆ ಬಂದ ಮೊದಲ ಗಳಿಗೆಯ ಸಾಕ್ಷ್ಯವೇ ಅಳಿದುಹೋಗುತ್ತದೆ.